ತಟ್ಟೆಯ ಇನ್ನೊಂದು ಮಗ್ಗುಲು

ನಮ್ಮ ಮನೆಗಳಲ್ಲಿ ಅದಕ್ಕೆ ‘ಪ್ಲೇಟು’ ಎಂದೇ ಹೆಸರು. ಪುಸ್ತಕದ ಭಾಷೆಯಲ್ಲಿ ಧ್ವನಿಮುದ್ರಿಕೆ. ಮದುವೆಯ ಚಪ್ಪರದಲ್ಲಿ, ಗಣೇಶೋತ್ಸವದ ಪೆಂಡಾಲಿನಲ್ಲಿ ಮೈಕಿನವನು ತಗಡಿನ ಪೆಟ್ಟಿಗೆಯಿಂದ ಒಂದೊಂದಾಗಿ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮುಳ್ಳು ಇಡುತ್ತಿದ್ದ ಆ ಕಪ್ಪು ತಟ್ಟೆಗಳನ್ನು ಐವತ್ತು ದಾಟಿದವರೆಲ್ಲ ಬಲ್ಲರು. ಅವುಗಳಲ್ಲಿ ಚಿಕ್ಕದು ಏಳು ಅಂಗುಲದ್ದು. ನಿಮಿಷಕ್ಕೆ 45 ಸುತ್ತು ಸುತ್ತುವಂಥದು. ಇಂಗ್ಲೆಂಡು, ಅಮೆರಿಕಾಗಳಲ್ಲಿ ಈ ತಟ್ಟೆಯ ಒಂದೊಂದು ಮಗ್ಗುಲಿಗೆ ಸಾಮಾನ್ಯವಾಗಿ ಒಂದೊಂದೇ ಹಾಡು. ಆದ್ದರಿಂದಲೇ ಅದಕ್ಕೆ ‘ಸಿಂಗಲ್’ ಎಂಬ ಹೆಸರು ಬಂತು.

1980ರ ದಶಕದ ಪಾಪ್ ಹಾಡುಗಳ ಇಂಥ ಸಿಂಗಲ್‌ಗಳನ್ನು ಹುಡುಕಿ, ಕೊಂಡು, ತೊಳೆದು, ಜೋಡಿಸಿಡುವ ಹವ್ಯಾಸ ಇಂದು ಲಂಡನ್ನಿನಿಂದ ಟೋಕಿಯೋವರೆಗೆ ಹಬ್ಬಿದೆ. ನಮ್ಮ ಮುಂಬಯಿಯ ಚೋರ್ ಬಜಾರಿನಲ್ಲೂ ಇದರ ಗಿರಾಕಿಗಳಿದ್ದಾರೆ. ಮೊಬೈಲಿನ ಮೇಲೆ ಬೆರಳಿಟ್ಟರೆ ಬೇಕಾದ ಹಾಡು ಕೇಳುವ ಈ ಕಾಲದಲ್ಲಿ, ಗೀಚುಬಿದ್ದ ತಟ್ಟೆಗೆ ಹಣ ಸುರಿಯುವುದು ಎಂಥ ಹುಚ್ಚು ಎಂದು ಯಾರಾದರೂ ಕೇಳಿಯಾರು. ಹಳೆಯ ನೆನಪು ಎನ್ನುವುದು ಅರ್ಧ ಉತ್ತರ ಮಾತ್ರ. ಹಾಡೇನೋ ಎಲ್ಲೆಡೆ ಸಿಗುತ್ತದೆ. ಆದರೆ ಅದು ಮೊದಲು ಯಾವ ರೂಪದಲ್ಲಿ ಬಂತು, ಅದರ ಬೆನ್ನಿಗೆ ಯಾವ ಹಾಡಿತ್ತು, ಅದನ್ನು ಯಾರು ಕೊಂಡರು ಎಂಬ ಸಂಗತಿಗಳು ಉಳಿದಿರುವುದು ತಟ್ಟೆಯಲ್ಲೇ. ಸಿಂಗಲ್‌ನ ಇತಿಹಾಸವನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಅರಗಿನಿಂದ ವಿನೈಲಿಗೆ

ಚಪ್ಪಟೆಯಾದ ತಟ್ಟೆಯ ಮೇಲೆ ಧ್ವನಿಯನ್ನು ಕೊರೆಯುವ ವಿಧಾನಕ್ಕೆ ಎಮಿಲ್ ಬರ್ಲಿನರ್ ಹಕ್ಕುಪತ್ರ ಪಡೆದದ್ದು 1887ರಲ್ಲಿ. ಮುಂದೆ ಅರ್ಧ ಶತಮಾನ ಕಾಲ ತಟ್ಟೆಗಳು ಅರಗಿನ ಮಿಶ್ರಣದಿಂದ ಆದವು. ಈ ಅರಗು ಬಹುಮಟ್ಟಿಗೆ ಹೋಗುತ್ತಿದ್ದುದು ಭಾರತದಿಂದ. ಛೋಟಾ ನಾಗಪುರದ ಕಡೆಯ ಕಾಡುಗಳಲ್ಲಿ ಮುತ್ತುಗದಂಥ ಮರಗಳ ಕೊಂಬೆಗಳ ಮೇಲೆ ಬದುಕುವ ಹುಳು ಕೊಡುವ ಪದಾರ್ಥವದು. ಜಗತ್ತಿನ ದೊಡ್ಡ ದೊಡ್ಡ ಗಾಯಕರ ಕಂಠವೆಲ್ಲ ನಮ್ಮ ಕಾಡಿನ ಅರಗಿನ ಮೇಲೆ ನಿಂತಿತ್ತೆಂದರೆ ತಪ್ಪಾಗದು. ನಿಮಿಷಕ್ಕೆ 78 ಸುತ್ತು. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಿಮಿಷ. ಕೈಜಾರಿದರೆ ಹೋಳು. ಎರಡನೆಯ ಮಹಾಯುದ್ಧ ಬಂದು ಹಡಗುಗಳ ದಾರಿ ಕಟ್ಟಿದಾಗ ಅರಗಿಗೆ ಅಭಾವವಾಯಿತು. 1942ರಲ್ಲಿ ಅಮೆರಿಕಾ ಸರ್ಕಾರ ಅದರ ಬಳಕೆಗೆ ಮಿತಿ ಹಾಕಿತು. ಹಳೆಯ ತಟ್ಟೆಗಳನ್ನು ಪುಡಿಮಾಡಿ ಹೊಸತನ್ನು ಮಾಡುವಂತಾಯಿತು. ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಕಡೆಗೆ ಕಂಪನಿಗಳ ಗಮನ ಹರಿಯಲು ಈ ಅಭಾವವೂ ಒಂದು ಕಾರಣ.

1948ರ ಜೂನ್‌ನಲ್ಲಿ ಕೊಲಂಬಿಯಾ ಕಂಪನಿ ನಿಮಿಷಕ್ಕೆ ಮೂವತ್ತಮೂರೂ ಮೂರನೇ ಒಂದು ಸುತ್ತಿನ ದೊಡ್ಡ ವಿನೈಲ್ ತಟ್ಟೆಯನ್ನು, ಅಂದರೆ ಎಲ್‌ಪಿಯನ್ನು, ಹೊರತಂದಿತು. ಎದುರಾಳಿಯಾದ ಆರ್‌ಸಿಎ ವಿಕ್ಟರ್ ಸುಮ್ಮನಿರಲಿಲ್ಲ. 1949ರ ಮಾರ್ಚ್ ಕೊನೆಗೆ ಏಳು ಅಂಗುಲದ, 45 ಸುತ್ತಿನ ಪುಟ್ಟ ತಟ್ಟೆಯನ್ನು ಮಾರುಕಟ್ಟೆಗೆ ತಂದಿತು. ನಡುವೆ ಒಂದೂವರೆ ಅಂಗುಲದ ದೊಡ್ಡ ರಂಧ್ರ. ಶಾಸ್ತ್ರೀಯ ಸಂಗೀತಕ್ಕೆ ಕೆಂಪು, ಹಳ್ಳಿಗಾಡಿನ ಹಾಡಿಗೆ ಹಸಿರು, ಮಕ್ಕಳ ಹಾಡಿಗೆ ಹಳದಿ ಎಂದು ಮೊದಮೊದಲು ತಟ್ಟೆಗಳಿಗೆ ಬಣ್ಣವನ್ನೂ ಹಂಚಿದರು. ಎರಡು ಕಂಪನಿಗಳ ಈ ಜಗಳ ಕೆಲವೇ ವರ್ಷಗಳಲ್ಲಿ ರಾಜಿಯಾಯಿತು. ದೀರ್ಘ ಸಂಗೀತಕ್ಕೆ ಎಲ್‌ಪಿ, ಒಂಟಿ ಹಾಡಿಗೆ 45.

1950ರಲ್ಲಿ ಸೀಬರ್ಗ್ ಕಂಪನಿ 45ರ ತಟ್ಟೆಗಳನ್ನು ನುಡಿಸುವ ಜೂಕ್‌ಬಾಕ್ಸ್ ತಯಾರಿಸಿತು. ನಾಣ್ಯ ಹಾಕಿ ಗುಂಡಿ ಒತ್ತಿದರೆ ಬೇಕಾದ ಹಾಡು. ಮುಂಬಯಿಯ ಇರಾನಿ ಹೋಟೆಲುಗಳಲ್ಲಿ ಚಹಾ ಮುಂದಿಟ್ಟುಕೊಂಡು ಈ ಪೆಟ್ಟಿಗೆಯ ಹಾಡು ಕೇಳಿದ ಹಿರಿಯರು ನಮ್ಮ ನಡುವೆ ಇದ್ದಾರೆ. 1952ರ ನವೆಂಬರ್ 14ರಂದು ಲಂಡನ್ನಿನ ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ಪತ್ರಿಕೆ, ಇಪ್ಪತ್ತರಷ್ಟು ಅಂಗಡಿಗಳಿಗೆ ಫೋನು ಮಾಡಿ ವಿಚಾರಿಸಿ, ಬ್ರಿಟನ್ನಿನ ಮೊದಲ ಮಾರಾಟದ ಪಟ್ಟಿಯನ್ನು ಅಚ್ಚು ಹಾಕಿತು. ಅದಕ್ಕೆ ಮೊದಲು ಹಾಡಿನ ಜನಪ್ರಿಯತೆಯನ್ನು ಅಳೆಯುತ್ತಿದ್ದುದು ಸ್ವರಲಿಪಿಯ ಹಾಳೆಗಳ ಮಾರಾಟದಿಂದ. ಅದೇ 1952ರಲ್ಲಿ ರೇಡಿಯೋ ಸಿಲೋನಿನಿಂದ ‘ಬಿನಾಕಾ ಗೀತಮಾಲಾ’ ಆರಂಭವಾಯಿತು. ಯಾವ ಹಾಡು ಮೇಲೆ, ಯಾವುದು ಕೆಳಗೆ ಎಂದು ವಾರವಾರವೂ ಕಾಯುವ ಚಟ ಎರಡೂ ಕಡೆ ಒಮ್ಮೆಗೇ ಹಿಡಿಯಿತು.

ಬೆಂಗಳೂರಿನ ಹುಡುಗನ ‘ಬಿ’ ಮಗ್ಗುಲು

ಸಿಂಗಲ್‌ಗೆ ಎರಡು ಮಗ್ಗುಲು. ಗೆಲ್ಲಬೇಕೆಂದು ಕಂಪನಿ ನೆಚ್ಚಿದ ಹಾಡು ‘ಎ’ ಮಗ್ಗುಲಿಗೆ. ಬೆನ್ನಿಗೆ ಏನಾದರೊಂದು ಇರಬೇಕಲ್ಲ, ಅದು ‘ಬಿ’. ಇದರಲ್ಲೊಂದು ವ್ಯವಹಾರದ ಸೂಕ್ಷ್ಮವಿತ್ತು. ತಟ್ಟೆ ಮಾರಾಟವಾದಾಗ ಎರಡೂ ಮಗ್ಗುಲಿನ ಹಾಡು ಕಟ್ಟಿದವರಿಗೆ ಸಮನಾದ ಗೌರವಧನ. ಜನ ‘ಎ’ ಹಾಡಿಗೆಂದು ಕೊಂಡರೂ ‘ಬಿ’ ಹಾಡಿನವನಿಗೆ ಅಷ್ಟೇ ಹಣ. ಅದಕ್ಕಾಗಿ ನಿರ್ಮಾಪಕರು, ವಾದ್ಯಗಾರರು ತಾವೇ ಅವಸರದಲ್ಲಿ ಒಂದು ಹಾಡು ಕಟ್ಟಿ ಬೆನ್ನಿಗೆ ಸೇರಿಸುವುದುಂಟು. ಕಂಪನಿಯವರು ಕಿವಿಗೊಡದ ಈ ಮೂಲೆಯಲ್ಲಿ ಕಲಾವಿದರಿಗೆ ಸ್ವಾತಂತ್ರ್ಯವೂ ಇತ್ತು.

ಇದಕ್ಕೆ ಕನ್ನಡನಾಡಿಗೆ ಸಂಬಂಧಿಸಿದ ಉದಾಹರಣೆಯೇ ಇದೆ. 1945ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಬಿದ್ದು ಅಪ್ಪಯ್ಯ, ಹುಡುಗನಾಗಿದ್ದಾಗ ರೇಡಿಯೋ ಸಿಲೋನಿನಲ್ಲಿ ಇಂಗ್ಲಿಷ್ ಹಾಡು ಕೇಳಿ ಬೆಳೆದವರು. ಬೆಂಗಳೂರಿನ ಕ್ಲಬ್ಬುಗಳಲ್ಲಿ ಗೆಳೆಯರ ತಂಡ ಕಟ್ಟಿ ಹಾಡಿ, ಕಲ್ಕತ್ತಾ, ಬೊಂಬಾಯಿಗಳನ್ನು ಕಂಡು, 1967ರಲ್ಲಿ ಇಂಗ್ಲೆಂಡಿಗೆ ಹೋದರು. 1974ರಲ್ಲಿ ಜಮೈಕಾ ಮೂಲದ ಕಾರ್ಲ್ ಡಗ್ಲಸ್ ಎಂಬ ಗಾಯಕನಿಂದ ಒಂದು ಸಿಂಗಲ್ ಮಾಡಿಸುವ ಕೆಲಸ ಬಂತು. ಸ್ಟುಡಿಯೋ ಸಿಕ್ಕಿದ್ದು ಮೂರು ಗಂಟೆಗಳಿಗೆ. ಬಹುಪಾಲು ಹೊತ್ತು ‘ಎ’ ಮಗ್ಗುಲಿನ ಪ್ರೇಮಗೀತೆಗೇ ಹೋಯಿತು. ಉಳಿದ ಹತ್ತು ನಿಮಿಷಗಳಲ್ಲಿ, ಹೇಗಿದ್ದರೂ ಬೆನ್ನಿನ ಹಾಡಲ್ಲವೇ ಎಂದು, ಡಗ್ಲಸ್ ತಾನೇ ಬರೆದಿದ್ದ ತಮಾಷೆಯ ‘ಕುಂಗ್ ಫೂ ಫೈಟಿಂಗ್’ ಅನ್ನು ಮುಗಿಸಿದರು. ಪೈ ರೆಕಾರ್ಡ್ಸ್ ಕಂಪನಿಯವರು ಕೇಳಿ, ಇದನ್ನೇ ‘ಎ’ ಮಾಡಿ ಎಂದರು. ಆ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನಲ್ಲೂ ಡಿಸೆಂಬರ್‌ನಲ್ಲಿ ಅಮೆರಿಕಾದಲ್ಲೂ ಅದು ಮೊದಲ ಸ್ಥಾನಕ್ಕೇರಿತು. ಎರಡು ವರ್ಷಗಳ ಮೇಲೆ ಟೀನಾ ಚಾರ್ಲ್ಸ್ ಹಾಡಿದ ‘ಐ ಲವ್ ಟು ಲವ್’ ಕೂಡ ಬಿದ್ದು ಅವರ ಕೈಯಲ್ಲೇ ಬ್ರಿಟನ್ನಿನ ಮೊದಲ ಸ್ಥಾನ ಕಂಡಿತು. ಯಾರೂ ಲೆಕ್ಕಕ್ಕಿಡದ ಹತ್ತು ನಿಮಿಷ ಒಬ್ಬ ವಲಸಿಗನ ಬದುಕನ್ನು ತಿರುಗಿಸಿತು.

ಎಂಬತ್ತರ ದಶಕ

1981ರ ಆಗಸ್ಟ್ 1ರಂದು ಅಮೆರಿಕಾದಲ್ಲಿ ಎಂಟಿವಿ ಆರಂಭವಾಯಿತು. ಹಾಡು ಕಿವಿಯದಷ್ಟೇ ಅಲ್ಲ, ಕಣ್ಣಿನದೂ ಆಯಿತು. 1982ರ ಕೊನೆಗೆ ಬಂದ ಮೈಕೇಲ್ ಜಾಕ್ಸನ್‌ನ ‘ಥ್ರಿಲ್ಲರ್’ ಎಲ್‌ಪಿಯ ಒಂಬತ್ತು ಹಾಡುಗಳಲ್ಲಿ ಏಳು ಬೇರೆ ಬೇರೆಯಾಗಿ ಸಿಂಗಲ್‌ಗಳಾದವು. ಏಳೂ ಅಮೆರಿಕಾದ ಮೊದಲ ಹತ್ತರೊಳಗೆ ಬಂದವು. ಸಿಂಗಲ್ ಎಂಬುದು ಇಡೀ ಎಲ್‌ಪಿಗೆ ಬಾಗಿಲಾಯಿತು.

ಸಂಗ್ರಾಹಕರು ಈ ದಶಕದ ತಟ್ಟೆಗಳ ಬೆನ್ನು ಹತ್ತುವುದೇಕೆ ಎಂಬುದಕ್ಕೆ ಮೂರು ತಟ್ಟೆಗಳನ್ನು ನೋಡೋಣ.

ಮೊದಲನೆಯದು ನಾರ್ವೆಯ ‘ಆ-ಹಾ’ ತಂಡದ ‘ಟೇಕ್ ಆನ್ ಮಿ’. ಪೆನ್ಸಿಲ್ಲಿನ ಚಿತ್ರಗಳು ಜೀವ ತಳೆಯುವ ಅದರ ವಿಡಿಯೋ ಅನೇಕರಿಗೆ ನೆನಪಿರಬಹುದು. 1985ರ ಅಕ್ಟೋಬರ್‌ನಲ್ಲಿ ಅದು ಅಮೆರಿಕಾದ ಮೊದಲ ಸ್ಥಾನಕ್ಕೆ ಬಂತು. ಆದರೆ ಅದೇ ಹಾಡು 1984ರಲ್ಲೇ ಸಿಂಗಲ್ ಆಗಿ ಬಂದು ಸೋತಿತ್ತು. ಆಗಿನದು ಟೋನಿ ಮ್ಯಾನ್ಸ್‌ಫೀಲ್ಡ್ ನಿರ್ಮಿಸಿದ ಬೇರೆಯ ಮುದ್ರಣ. ಅಲನ್ ಟಾರ್ನಿಯ ಕೈಯಲ್ಲಿ ಹೊಸದಾಗಿ ಮುದ್ರಿಸಿದ ಮೇಲೆಯೇ ಅದು ಗೆದ್ದದ್ದು. ಜಗತ್ತು ಬಲ್ಲ ಹಾಡು ಎರಡನೆಯದು. ಸೋತ ಮೊದಲನೆಯದನ್ನು ಅದರ ಮೂಲರೂಪದಲ್ಲೇ ಕಾಣಬೇಕಾದರೆ 1984ರ ತಟ್ಟೆಯನ್ನೇ ಹುಡುಕಬೇಕು. ಪರೀಕ್ಷೆಯಲ್ಲಿ ಎರಡನೆಯ ಸಲ ಪಾಸಾದವನ ಮೊದಲ ಉತ್ತರಪತ್ರಿಕೆ ಕೈಗೆ ಸಿಕ್ಕಂತೆ.

ಎರಡನೆಯದು ಮ್ಯಾಂಚೆಸ್ಟರಿನ ‘ನ್ಯೂ ಆರ್ಡರ್’ ತಂಡದ ‘ಬ್ಲೂ ಮಂಡೇ’, 1983ರ ಮಾರ್ಚ್‌ನದು. ಇದು ಏಳಲ್ಲ, ಹನ್ನೆರಡು ಅಂಗುಲದ ಸಿಂಗಲ್. ಕುಣಿತದ ಕ್ಲಬ್ಬುಗಳಿಗಾಗಿ 1970ರ ದಶಕದ ನಡುವಿನಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಅಳತೆಯದು. ಗೆರೆಗಳು ದೂರ ದೂರ ಇರುವುದರಿಂದ ಧ್ವನಿಗೆ ಕಸುವು ಹೆಚ್ಚು. ಹಾಡು ಏಳು ನಿಮಿಷ ದಾಟುತ್ತದೆ. ಪೀಟರ್ ಸ್ಯಾವಿಲ್ ರಚಿಸಿದ ಹೊದಿಕೆ ಆಗಿನ ಕಂಪ್ಯೂಟರಿನ ಫ್ಲಾಪಿಯ ಹಾಗೆ ಅಲ್ಲಲ್ಲಿ ಕತ್ತರಿಸಿದ್ದು. ಮುಂಭಾಗದಲ್ಲಿ ತಂಡದ ಹೆಸರೂ ಇಲ್ಲ, ಹಾಡಿನ ಹೆಸರೂ ಇಲ್ಲ. ಅಕ್ಷರಗಳ ಬದಲು ಬಣ್ಣದ ಚೌಕಗಳು. ಅದನ್ನು ಓದುವ ಕೀಲಿಕೈ ಅದೇ ತಂಡದ ಎಲ್‌ಪಿಯ ಹಿಂಬದಿಯಲ್ಲಿ. ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ ಹನ್ನೆರಡು ಅಂಗುಲದ ಸಿಂಗಲ್ ಇದು. ಮೊಬೈಲಿನ ಪರದೆಯ ಮೇಲೆ ಆ ಹೊದಿಕೆ ಉಗುರಿನಷ್ಟು ಕಾಣುತ್ತದೆ. ಕೈಯಲ್ಲಿ ಹಿಡಿದಾಗಲೇ ಅದರ ತುಂಟತನ ತಿಳಿಯುವುದು.

ಮೂರನೆಯದು ಬ್ರಿಟನ್ನಿನಲ್ಲಿ ಆ ದಶಕದ ಅತಿ ದೊಡ್ಡ ಸಿಂಗಲ್. 1984ರ ಅಕ್ಟೋಬರ್ 23ರಂದು ಇಥಿಯೋಪಿಯಾದ ಕ್ಷಾಮದ ವರದಿ ಬಿಬಿಸಿ ದೂರದರ್ಶನದಲ್ಲಿ ಬಂತು. ಅದನ್ನು ನೋಡಿ ನೊಂದ ಐರಿಷ್ ಗಾಯಕ ಬಾಬ್ ಗೆಲ್ಡಾಫ್, ಮಿಜ್ ಯೂರ್ ಜತೆ ಸೇರಿ ಒಂದು ಹಾಡು ಕಟ್ಟಿದ. ನವೆಂಬರ್ 25ರ ಭಾನುವಾರ ಲಂಡನ್ನಿನ ಸಾರ್ಮ್ ವೆಸ್ಟ್ ಸ್ಟುಡಿಯೋದಲ್ಲಿ ಹೆಸರಾಂತ ಗಾಯಕರೆಲ್ಲ ಕೂಡಿ ಒಂದೇ ದಿನದಲ್ಲಿ ಅದನ್ನು ಹಾಡಿದರು. ಡಿಸೆಂಬರ್ ಮೊದಲ ಭಾಗದಲ್ಲೇ ‘ಡು ದೇ ನೋ ಇಟ್ಸ್ ಕ್ರಿಸ್‌ಮಸ್?’ ಅಂಗಡಿಗೆ ಬಂತು. ಐದು ವಾರ ಮೊದಲ ಸ್ಥಾನ. ಬ್ರಿಟನ್ನಿನಲ್ಲಿ 30 ಲಕ್ಷಕ್ಕೂ ಹೆಚ್ಚು ಪ್ರತಿ. ಸರ್ಕಾರ ಮೊದಲು ಮಾರಾಟದ ತೆರಿಗೆ ಬಿಡಲು ಒಪ್ಪಲಿಲ್ಲ. ಜನರ ಕೂಗು ಎದ್ದ ಮೇಲೆ ಅಷ್ಟು ಹಣವನ್ನು ಪರಿಹಾರಕ್ಕೆ ಕೊಟ್ಟಿತು. ಆ ಐದು ವಾರವೂ ಎರಡನೆಯ ಸ್ಥಾನದಲ್ಲಿ ನಿಂತ ‘ವ್ಯಾಮ್’ ಜೋಡಿಯ ‘ಲಾಸ್ಟ್ ಕ್ರಿಸ್‌ಮಸ್’ ಮೊದಲ ಸ್ಥಾನ ಕಂಡದ್ದು 36 ವರ್ಷಗಳ ಮೇಲೆ, 2021ರ ಜನವರಿ 1ರಂದು. ಅದನ್ನು ಬರೆದು ಹಾಡಿದ ಜಾರ್ಜ್ ಮೈಕೇಲ್ ಅಷ್ಟರಲ್ಲಿ ತೀರಿಕೊಂಡಿದ್ದ.

ಈ ತಟ್ಟೆಯ ‘ಎ’ ಮಗ್ಗುಲು ಪ್ರತಿ ಡಿಸೆಂಬರ್‌ನಲ್ಲೂ ಕೇಳಿಬರುತ್ತದೆ. ಆಫ್ರಿಕಾ ಖಂಡವನ್ನೇ ದೀನವಾಗಿ ಚಿತ್ರಿಸಿತೆಂಬ ಟೀಕೆಯೂ ಆ ಹಾಡಿಗೆ ಬಂದಿದೆ. ಆದರೆ ತಟ್ಟೆಯನ್ನು ಮಗುಚಿದರೆ ಬೇರೊಂದು ದಾಖಲೆ ಇದೆ. ವಾದ್ಯಗಳ ಹಿನ್ನೆಲೆಯ ಮೇಲೆ ಕಲಾವಿದರು ಆಡಿದ ಮಾತುಗಳು. ಅಂದು ಬರಲಾಗದ ಡೇವಿಡ್ ಬೋವಿ, ಪಾಲ್ ಮೆಕಾರ್ಟ್ನಿಯಂಥವರ ಸಂದೇಶಗಳು. ಇತಿಹಾಸ ಬರೆಯುವವನಿಗೆ ಹಾಡಿಗಿಂತ ಈ ಬೆನ್ನಿನ ಮಗ್ಗುಲೇ ಹೆಚ್ಚು ಹೇಳೀತು.

ನಮ್ಮ ಕಡೆಯ ಕಥೆ

ಎಂಬತ್ತರ ದಶಕದ ಪಾಪ್ ಸಂಗೀತ ಭಾರತದ ಮನೆಮನೆಗೂ ಬಂದದ್ದು ಮತ್ತೆ ಬೆಂಗಳೂರಿಗರಿಂದಲೇ. ನಟ, ನಿರ್ಮಾಪಕ ಫಿರೋಜ್ ಖಾನ್ ಬೆಂಗಳೂರಿನಲ್ಲಿ ಹುಟ್ಟಿದವರು. 2009ರಲ್ಲಿ ತೀರಿಕೊಂಡದ್ದೂ ಅಲ್ಲಿಯೇ. ತಮ್ಮ ‘ಕುರ್ಬಾನಿ’ (1980) ಚಿತ್ರಕ್ಕೆ ಒಂದು ಹಾಡು ಮಾಡಿಕೊಡಲು ಅವರು ಲಂಡನ್ನಿನಲ್ಲಿದ್ದ ಬಿದ್ದು ಅವರನ್ನು ಕೇಳಿದರು. ಹಾಡಿದವಳು ಕರಾಚಿ ಮೂಲದ ನಾಜಿಯಾ ಹಸನ್, ಹದಿನೈದರ ಹುಡುಗಿ. ‘ಆಪ್ ಜೈಸಾ ಕೋಯಿ’ ಹಾಡಿಗೆ ಆಕೆಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಮರುವರ್ಷ, 1981ರಲ್ಲಿ, ನಾಜಿಯಾ ಮತ್ತು ಆಕೆಯ ತಮ್ಮ ಜೊಹೇಬ್ ಬಿದ್ದು ಅವರೊಡನೆ ತಂದ ‘ಡಿಸ್ಕೋ ದೀವಾನೆ’, ಸಿನಿಮಾದ ಹಂಗಿಲ್ಲದೆಯೇ ಪಾಪ್ ಹಾಡು ಮಾರಾಟವಾಗಬಲ್ಲದು ಎಂದು ತೋರಿಸಿತು. ನಾಜಿಯಾ 2000ದ ಆಗಸ್ಟ್‌ನಲ್ಲಿ ಲಂಡನ್ನಿನಲ್ಲಿ, 35ರ ವಯಸ್ಸಿನಲ್ಲಿ, ಕ್ಯಾನ್ಸರಿಗೆ ಬಲಿಯಾದಳು. ಊರು ಬಿಟ್ಟ ಇಬ್ಬರು ಬೆಂಗಳೂರಿಗರು, ಊರು ಬಿಟ್ಟ ಒಂದು ಕರಾಚಿಯ ಕುಟುಂಬ, ಮೂರನೆಯದೊಂದು ಊರಿನ ಸ್ಟುಡಿಯೋ. ಪರಸ್ಥಳದಲ್ಲಿ ಬೇರುಬಿಟ್ಟ ನಮ್ಮಂಥವರಿಗೆ ಈ ಹಾಡಿನ ಹುಟ್ಟು ಅಪರಿಚಿತವೆನಿಸದು.

ನಮ್ಮಲ್ಲಿ ಏಳು ಅಂಗುಲದ ತಟ್ಟೆಗೆ ಹೆಚ್ಚಾಗಿ ಹಾಕುತ್ತಿದ್ದುದು ಮಗ್ಗುಲಿಗೆ ಎರಡರಂತೆ ನಾಲ್ಕು ಚಿತ್ರಗೀತೆ. ಅದಕ್ಕೆ ‘ಇಪಿ’ ಎನ್ನುತ್ತಿದ್ದರು. ಕನ್ನಡ ಚಿತ್ರಗೀತೆಗಳೂ ಇದೇ ಅಳತೆಯಲ್ಲಿ ಮನೆಗಳಿಗೆ ಬಂದವು. ಎಂಬತ್ತರ ದಶಕ ಮುಂದುವರಿದಂತೆ ಕೊಲ್ಲಿಯಿಂದ ಬಂದ ಟೂ-ಇನ್-ಒನ್, ಅಗ್ಗದ ಕ್ಯಾಸೆಟ್ಟು ಎಲ್ಲವನ್ನೂ ಬದಲಿಸಿದವು. ತಟ್ಟೆ ಒತ್ತಲು ಭಾರಿ ಯಂತ್ರ ಬೇಕು; ಕ್ಯಾಸೆಟ್ಟಿಗೆ ಒಂದು ಕೋಣೆ ಸಾಕು. ಭಾವಗೀತೆ, ಜಾನಪದ, ಹರಿಕಥೆ ಎಲ್ಲಕ್ಕೂ ಕ್ಯಾಸೆಟ್ಟಿನಿಂದ ಉಪಕಾರವಾಯಿತೆಂಬುದನ್ನು ಮರೆಯಬಾರದು. ಆದರೆ ಏಳು ಅಂಗುಲದ ತಟ್ಟೆ ಅಲ್ಲಿಗೆ ಮುಗಿಯಿತು. ಪಾಶ್ಚಾತ್ಯ ದೇಶಗಳಲ್ಲೂ 1982ರಲ್ಲಿ ಜಪಾನಿನಲ್ಲಿ ಮೊದಲು ಮಾರಾಟಕ್ಕೆ ಬಂದ ಸಿಡಿ, ದಶಕದ ಕೊನೆಯ ಹೊತ್ತಿಗೆ ಅದನ್ನು ಮೂಲೆಗೆ ತಳ್ಳಿತು.

ಸಂಗ್ರಾಹಕರು ನೋಡುವುದೇನು?

ಅನುಭವಿ ಸಂಗ್ರಾಹಕ ಮೊದಲು ಹಾಡಿನ ಹೆಸರು ನೋಡುವುದಿಲ್ಲ. ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ಗೀರುಗಳನ್ನು ನೋಡುತ್ತಾನೆ. ಆಮೇಲೆ, ಹಾಡಿನ ಗೆರೆ ಮುಗಿದು ಲೇಬಲ್ಲು ಆರಂಭವಾಗುವ ನಡುವಿನ ನುಣುಪಾದ ಪಟ್ಟಿಯನ್ನು ನೋಡುತ್ತಾನೆ. ಅಲ್ಲಿ ಅಚ್ಚಿನ ಸಂಖ್ಯೆ ಕೊರೆದಿರುತ್ತದೆ. ಅದು ಎಷ್ಟನೆಯ ಮುದ್ರಣವೆಂದು ಅದರಿಂದ ತಿಳಿಯಬಹುದು. ಕೆಲವೆಡೆ ಮೂಲ ಅಚ್ಚು ಕೊರೆದವನ ಸಹಿಯೂ ಇರುತ್ತದೆ. ಲಂಡನ್ನಿನ ಜಾರ್ಜ್ ಪೆಕಮ್ ತನ್ನ ಕೈಯಿಂದ ಹೊರಟ ತಟ್ಟೆಗಳ ಮೇಲೆ ‘ಎ ಪೋರ್ಕಿ ಪ್ರೈಮ್ ಕಟ್’ ಎಂದು ಗೀಚುತ್ತಿದ್ದ. ಲೇಬಲ್ಲಿನ ಮೇಲೆ ಹೆಸರಿಲ್ಲದ ಕುಶಲಕರ್ಮಿಯ ಗುರುತು ಅಲ್ಲಿ ಉಳಿದಿದೆ.

ಇದು ಬರಿಯ ಶೋಕಿ ಎನ್ನುವವರು ಒಂದು ಘಟನೆಯನ್ನು ನೆನೆಯಬೇಕು. 2008ರ ಜೂನ್ 1ರಂದು ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋ ಆವರಣದಲ್ಲಿ ಬೆಂಕಿ ಬಿತ್ತು. ಸಂಗೀತದ ಮೂಲ ಟೇಪುಗಳಿದ್ದ ಉಗ್ರಾಣವೂ ಅದರಲ್ಲಿ ಸುಟ್ಟಿತೆಂದು 2019ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ವಿವರವಾಗಿ ಬರೆಯಿತು. ನಷ್ಟ ಎಷ್ಟೆಂಬುದರ ಬಗ್ಗೆ ವಾದವಿವಾದ ನಡೆಯಿತು. ಆದರೆ ಒಂದು ಮಾತು ನಿಜ. ಕಾವಲು, ಬೀಗ, ಗೋದಾಮು ಎಲ್ಲ ಇದ್ದ ದೊಡ್ಡ ಕಂಪನಿಯಲ್ಲೂ ಮೂಲ ಅಳಿಯಬಹುದು. ಅಂಥ ಹೊತ್ತಿನಲ್ಲಿ ಯಾರದೋ ಮನೆಯ ಕಪಾಟಿನಲ್ಲಿರುವ ಪ್ರತಿಯೇ ಮೂಲದ ಸ್ಥಾನಕ್ಕೆ ಬರುತ್ತದೆ.

ಅದೇ 2008ರ ಏಪ್ರಿಲ್‌ನಲ್ಲಿ ಅಮೆರಿಕಾದ ಸಣ್ಣ ಅಂಗಡಿಯವರು ಮೊದಲ ‘ರೆಕಾರ್ಡ್ ಸ್ಟೋರ್ ಡೇ’ ಆಚರಿಸಿದರು. ಅಲ್ಲಿಂದ ವಿನೈಲ್ ಮೆಲ್ಲಮೆಲ್ಲನೆ ಚೇತರಿಸಿತು. 2022ರಲ್ಲಿ ಅಮೆರಿಕಾದಲ್ಲಿ ತಟ್ಟೆಗಳ ಮಾರಾಟ ಸಂಖ್ಯೆಯಲ್ಲೂ ಸಿಡಿಯನ್ನು ಮೀರಿತು. 1987ರ ನಂತರ ಇದೇ ಮೊದಲು. ಅದೇ ವರ್ಷ ಕೇಟ್ ಬುಷ್‌ಳ 1985ರ ‘ರನ್ನಿಂಗ್ ಅಪ್ ದಟ್ ಹಿಲ್’ ಒಂದು ಧಾರಾವಾಹಿಯಲ್ಲಿ ಬಳಕೆಯಾಗಿ, ಹುಟ್ಟಿದ 37 ವರ್ಷಗಳ ಮೇಲೆ ಬ್ರಿಟನ್ನಿನ ಮೊದಲ ಸ್ಥಾನಕ್ಕೇರಿತು. ಅಂದಿನ ಸಿಂಗಲ್ಲಿನ ಬೆನ್ನಿಗಿದ್ದ ‘ಅಂಡರ್ ದಿ ಐವಿ’ಯನ್ನು ಕೇಳಿದ ಹೊಸಬರು ಎಷ್ಟು ಮಂದಿ? ತಟ್ಟೆ ಕೊಂಡವರಾದರೆ ಒಮ್ಮೆಯಾದರೂ ಮಗುಚಿ ಹಾಕಿಯೇ ಇರುತ್ತಿದ್ದರು.

ನಮ್ಮ ಅಟ್ಟದ ಮೇಲೆ

ಇಷ್ಟೆಲ್ಲ ಬರೆಯುವ ನಾನು ಸಾಚಾ ಅಲ್ಲ. 1991ರಲ್ಲಿ ಪರೇಲಿನ ಚಾಳಿನಿಂದ ಡೊಂಬಿವಲಿಗೆ ಮನೆ ಬದಲಿಸುವಾಗ, ಅಣ್ಣ ಕೂಡಿಟ್ಟಿದ್ದ ಒಂದು ಪೆಟ್ಟಿಗೆ ತಟ್ಟೆಗಳನ್ನು ರದ್ದಿಯವನಿಗೆ ತೂಕಕ್ಕೆ ಹಾಕಿದೆ. ಪ್ಲೇಯರ್ ಕೆಟ್ಟಿತ್ತು, ಹೊಸ ಮನೆಯಲ್ಲಿ ಜಾಗವಿರಲಿಲ್ಲ, ಕ್ಯಾಸೆಟ್ಟು ಇದ್ದೇ ಇತ್ತು. ಅಣ್ಣ ಏನೂ ಅನ್ನಲಿಲ್ಲ. ಅವನು ಹೋದ ಮೇಲೆ, ಅವನು ಭಾನುವಾರ ಬೆಳಿಗ್ಗೆ ಹಾಕುತ್ತಿದ್ದ ಹಾಡುಗಳನ್ನು ಮೊಬೈಲಿನಲ್ಲಿ ಹುಡುಕಿದೆ. ಹೆಸರಾದವು ಸಿಕ್ಕವು. ತಟ್ಟೆಯ ಇನ್ನೊಂದು ಮಗ್ಗುಲಲ್ಲಿದ್ದ ಒಂದು ಮಾತ್ರ ಇಂದಿಗೂ ಸಿಕ್ಕಿಲ್ಲ. ರಾಗ ನೆನಪಿದೆ, ಮಾತು ಮರೆತಿದೆ.

ಕೆಲವು ವರ್ಷಗಳ ಹಿಂದೆ ಚೋರ್ ಬಜಾರಿನ ರಾಶಿಯೊಂದರಲ್ಲಿ ಕನ್ನಡದ ಒಂದು ಇಪಿ ಕಣ್ಣಿಗೆ ಬಿತ್ತು. ನಮ್ಮ ಪೆಟ್ಟಿಗೆಯದಲ್ಲ; ಅಷ್ಟೇನೂ ಓಡದ ಚಿತ್ರದ್ದು. ಹೊದಿಕೆಯ ಹಿಂದೆ ನೀಲಿ ಶಾಯಿಯಲ್ಲಿ, ದುಂಡಗಿನ ಕನ್ನಡ ಅಕ್ಷರಗಳಲ್ಲಿ, ಮದುವೆಯ ಉಡುಗೊರೆ ಎಂದು ಬರೆದು 1979ರ ತಾರೀಖು, ‘ವಡಾಲಾ’ ಎಂಬ ಸ್ಥಳ ಹಾಕಿತ್ತು. ಅದನ್ನು ಬಿಟ್ಟುಬರಲು ಮನಸ್ಸಾಗಲಿಲ್ಲ. ಆ ಕಾಲದಲ್ಲಿ ವಡಾಲಾದ ಕನ್ನಡಿಗರು ಮದುಮಕ್ಕಳಿಗೆ ಏನು ಕೊಡುತ್ತಿದ್ದರು, ಏನು ಕೇಳುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಯಾವ ಗ್ರಂಥಾಲಯದಲ್ಲಿದೆ?

ಇಂಗ್ಲಿಷ್ ಪಾಪ್ ಹಾಡುಗಳ ಒಂದೊಂದು ಮುದ್ರಣದ ಲೆಕ್ಕವನ್ನೂ ಅಲ್ಲಿನ ಹವ್ಯಾಸಿಗಳು ಇಟ್ಟಿದ್ದಾರೆ. ಅವರು ಪಂಡಿತರಲ್ಲ, ನಮ್ಮಂತೆ ನೌಕರಿ ಮಾಡಿಕೊಂಡು ರಜಾದಿನ ಬೀದಿ ಸುತ್ತುವವರು. ನಮ್ಮ ಕನ್ನಡ ತಟ್ಟೆಗಳಿಗೂ ಅಂಥವರು ಬೇಕು. ಅದಕ್ಕೆ ಹೆಚ್ಚಿನ ಖರ್ಚಿಲ್ಲ. ಅಟ್ಟದ ಮೇಲಿರುವ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸದೆ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಿ. ಬಿಸಿಲು ತಾಗಿದರೆ ವಿನೈಲ್ ಡೊಂಕಾಗುತ್ತದೆ. ಅರಗಿನ ಹಳೆಯ 78ರ ತಟ್ಟೆಗೆ ಸ್ಪಿರಿಟ್ ತಾಗಿಸಬೇಡಿ, ಅರಗು ಕರಗುತ್ತದೆ. ಅದಕ್ಕೆ ಮುಳ್ಳೂ ಬೇರೆಯದೇ ಬೇಕು. ಪ್ಲೇಯರ್ ಇಲ್ಲದಿದ್ದರೂ ಚಿಂತೆಯಿಲ್ಲ. ಚಿತ್ರದ ಹೆಸರು, ಹಾಡುಗಳು, ಲೇಬಲ್ಲಿನ ಸಂಖ್ಯೆ, ನುಣುಪು ಪಟ್ಟಿಯ ಮೇಲೆ ಕೊರೆದ ಸಂಖ್ಯೆ, ಹೊದಿಕೆಯ ಮೇಲಿನ ಕೈಬರಹ ಇಷ್ಟನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಿ. ನಮ್ಮ ಸಂಘದ ಸಭಾಗೃಹದಲ್ಲಿ ಒಂದು ಭಾನುವಾರ ಎಲ್ಲರೂ ತಮ್ಮ ತಮ್ಮ ತಟ್ಟೆಗಳನ್ನು ತಂದರೆ, ಯಾರಾದರೊಬ್ಬರು ಪ್ಲೇಯರ್ ತಂದಾರು; ಪಟ್ಟಿಯೂ ಆದೀತು, ಹಾಡೂ ಕೇಳಿದಂತಾದೀತು.

ತರುವಾಗ ಎರಡೂ ಮಗ್ಗುಲು ಕೇಳುವಷ್ಟು ಪುರಸೊತ್ತು ಮಾಡಿಕೊಂಡು ಬನ್ನಿ. ಅಣ್ಣನ ಆ ಹಾಡು ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಇರಬಹುದು.